‘ನೀ’ ಕಾಣುತ್ತಿಲ್ಲ

ನಮ್ಮವ್ವನಿಗೆ ಮೊಣಕಾಲೇ ಇಲ್ಲವಂತೆ. ಆ್ಯಪ್ ಹೇಳಿದೆ.

71 ವರ್ಷ ರಾಯಚೂರಿನ ಬಿಸಿಲು ತುಳಿದ ಕಾಲು, ತೀನ್ ಕಂದೀಲ್‌ವರೆಗೆ ನಡೆದೇ ಹೋಗಿ ಕಾಯಿಪಲ್ಲೆ ತರುತ್ತಿದ್ದ ಕಾಲು, ಈಗ ಸವೆದಿದೆ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಕಮ್ಮಿಯಾಗುತ್ತೆ, ವ್ಯಾಯಾಮ ಮಾಡಿಸಿ ಅಂದರು ಡಾಕ್ಟರ್. ಸರಿಯಾದ ಮಾತೇ. ಮಾಡಿಸೋರು ಎಲ್ಲಿ ಅಂತ ಕೇಳಿದ್ದಕ್ಕೆ ಕೌಂಟರಿನ ಹುಡುಗ ಗೋಡೆಯ ಮೇಲಿನ ಕ್ಯೂಆರ್ ಕೋಡ್ ತೋರಿಸಿ, ಆ್ಯಪ್ ಹಾಕಿಕೊಳ್ಳಿ ಅಂದ.

ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚು, 5 ಎಣಿಸು, ಇಳಿಸು, 10 ಸಲ ಮಾಡು. ಇಷ್ಟೇ ವಿದ್ಯೆ. ಇದಕ್ಕೆ ಒಂದು ಓಟಿಪಿ, ಲೊಕೇಶನ್, ಜೊತೆಗೆ ಫೋನಿನಲ್ಲಿರೋ ಎಲ್ಲರ ನಂಬರ್ ಬೇಕಂತೆ. ಅವ್ವನ ಕಾಲು ನೋಯ್ತಿರೋದು ಗ್ಯಾಸ್ ಸಿಲಿಂಡರ್ ಹುಡುಗನಿಗೆ ಯಾಕೆ ಗೊತ್ತಾಗಬೇಕೋ! ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇತ್ತು. ಒತ್ತಿದರೆ ‘ಶೀಘ್ರದಲ್ಲೇ ಬರಲಿದೆ’. ಅದೊಂದನ್ನು ಮಾತ್ರ ಅಚ್ಚ ಕನ್ನಡದಲ್ಲೇ ಬರೆದಿದ್ದರು.

ಫೋನನ್ನು ಏಳು ಅಡಿ ದೂರದಲ್ಲಿ, ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟೆ. ಅವ್ವ ಇಳಕಲ್ ಸೀರೆ ಸರಿಮಾಡಿಕೊಂಡು, ಫೋಟೋ ಅಂದುಕೊಂಡು ಗಂಭೀರವಾಗಿ ಕೂತಳು. ಆ್ಯಪ್ ಇಂಗ್ಲಿಷಿನಲ್ಲಿ ಕೂಗಿತು: ‘ನೀ ನಾಟ್ ವಿಸಿಬಲ್! ನೀ ನಾಟ್ ವಿಸಿಬಲ್!’

‘ಯಾರಿಗಪಾ ನೀ ಅಂತದ ಅದು? ಇಷ್ಟು ವಯಸ್ಸಾದಾಕಿಗೆ?’

ಅವ್ವ, ಇಂಗ್ಲಿಷಿನಲ್ಲಿ ಮೊಣಕಾಲಿಗೆ ನೀ ಅಂತಾರೆ, ಅದು ಕಾಣ್ತಿಲ್ಲವಂತೆ ಅಂದೆ. ಅದು ಇನ್ನೂ ಕೆಟ್ಟಿತು. ‘ಅದಕ್ಕ ಕಾಣಬೇಕಂತ ಸೀರಿ ಎತ್ತಲೇನು? ಮಾರಿ ಕಂಡ್ರ ಸಾಲದಾ?’

ಇದನ್ನು ಮಾಡಿದವರು ಸೀರೆ ಉಟ್ಟ ಒಬ್ಬ ಅಜ್ಜಿಯನ್ನೂ ನೋಡಿಲ್ಲ ಅನ್ಸುತ್ತೆ. ವಿಡಿಯೋದಲ್ಲಿರೋದು ಬಿಗಿ ಪ್ಯಾಂಟಿನ ಇಪ್ಪತ್ತೈದರ ಹುಡುಗಿ, ಆಕೆಯ ಮೊಣಕಾಲಿಗೆ ಏನು ಧಾಡಿಯೋ ದೇವರೇ ಬಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇಟ್ಟುಕೊಂಡ ಜಿಲ್ಲೆ ನಮ್ಮದು. ‘ಬೆಳಕು ಸಾಲದು’ ಅಂತ ಆ್ಯಪ್ ನಮಗೇ ಬೈಯಿತು.

ಮರುದಿನದಿಂದ ಗಂಟೆಗೊಂದು ನೋಟಿಫಿಕೇಶನ್. ಬೇಸತ್ತು ನಾನೇ ಚಡ್ಡಿ ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಹತ್ತಕ್ಕೆ ಹತ್ತು! ಬಣ್ಣದ ಕಾಗದ ಹಾರಿಸಿ ಚಪ್ಪಾಳೆ ತಟ್ಟಿತು. ಅವ್ವ ಆಚೆ ಮಂಚದ ಮೇಲೆ ಕೂತು ಮೊಣಕಾಲಿಗೆ ಉಪ್ಪಿನ ಗಂಟಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು.

ತಿಂಗಳ ಮೇಲೆ ಆಸ್ಪತ್ರೆಗೆ ಹೋದೆವು. ಮೂರನೇ ಮೆಟ್ಟಿಲಲ್ಲೇ ಅವ್ವ ಕಂಬಿ ಹಿಡಿದು ನಿಂತಳು. ಮೇಲಿನಿಂದ ಕೌಂಟರಿನ ಹುಡುಗ ಕಂಪ್ಯೂಟರ್ ನೋಡುತ್ತಲೇ ಕೂಗಿದ: ‘ಅಜ್ಜೀ, ಕಾಲು ಫಸ್ಟ್ ಕ್ಲಾಸ್ ಆಗ್ಯಾವ ನೋಡ್ರಿ!’

‘ಯಾರ ಕಾಲಪಾ?’ ಅಂದಳು ಅವ್ವ.