ಸ್ಪಷ್ಟನೆ: ಎಚ್‌ವಿಎಲ್‌ಪಿ ಗನ್‌ಗೆ 1 ಎಚ್‌ಪಿ ಕಂಪ್ರೆಸರ್ ಸಾಲದು

"ಎಚ್‌ವಿಎಲ್‌ಪಿ ಸ್ಪ್ರೇ ಗನ್‌ಗೆ ಕಡಿಮೆ ಒತ್ತಡ ಸಾಕು, 1 ಎಚ್‌ಪಿ ಕಂಪ್ರೆಸರ್ ಇದ್ದರೆ ಆಯ್ತು" ಅಂತ ಓಡಾಡುತ್ತಿರುವ ಸಂದೇಶ ಮೊದಲು ಬರೆದವನು ನಾನೇ. ಅದು ತಪ್ಪು. ಎಚ್‌ವಿಎಲ್‌ಪಿ ಅಂದರೆ 'ಹೈ ವಾಲ್ಯೂಮ್, ಲೋ ಪ್ರೆಶರ್', ಅಂದರೆ ಹೆಚ್ಚು ಗಾಳಿ, ಕಡಿಮೆ ಒತ್ತಡ.

ಕಡಿಮೆ ಇರುವುದು ಒತ್ತಡ ಮಾತ್ರ, ಗನ್ ಮೂತಿಯಲ್ಲಿ 10 ಪಿಎಸ್‌ಐ ಒಳಗೆ. ಗಾಳಿ ಜಾಸ್ತಿಯೇ ಬೇಕು. ಹೆಸರಲ್ಲೇ 'ಹೈ ವಾಲ್ಯೂಮ್' ಇದೆ ಅಲ್ವಾ, ನಾನೇ ಗಮನಿಸಲಿಲ್ಲ. ಇಂಥ ಎಷ್ಟೋ ಗನ್‌ಗಳು ನಿಮಿಷಕ್ಕೆ 10 ಘನ ಅಡಿಗಿಂತ ಹೆಚ್ಚು ಗಾಳಿ ಎಳೆಯುತ್ತವೆ. 1 ಎಚ್‌ಪಿ ಕಂಪ್ರೆಸರ್ ಕೊಡುವುದು ಸುಮಾರು 4. ಒಂದು ಬಾಗಿಲು ಮುಗಿಯುವ ಮೊದಲೇ ಒತ್ತಡ ಕುಸಿದು, ಮೆಲಮೈನ್ (ಮರಕ್ಕೆ ಹೊಡೆಯುವ ಪಾಲಿಶ್) ದಪ್ಪ ಹನಿಗಳಾಗಿ ಬಿದ್ದು, ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ.

ಗನ್ ಡಬ್ಬಿಯ ಮೇಲಿನ ಸಿಎಫ್‌ಎಂ (ನಿಮಿಷಕ್ಕೆ ಬೇಕಾದ ಘನ ಅಡಿ ಗಾಳಿ) ನೋಡಿ. ಕಂಪ್ರೆಸರ್‌ನ ಎಫ್‌ಎಡಿ (ಅದು ನಿಜಕ್ಕೂ ಹೊರಗೆ ಕೊಡುವ ಗಾಳಿ) ಅಂಕಿ ಅದಕ್ಕಿಂತ ಜಾಸ್ತಿ ಇರಲಿ. ಗಾಳಿ ಊದುವ ಟರ್ಬೈನ್ ಜೊತೆಗೇ ಬರುವ ಗನ್ ಸೆಟ್‌ಗೆ ಕಂಪ್ರೆಸರೇ ಬೇಡ.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.