ನಾಲ್ಕಿಂಚು ಸ್ಲ್ಯಾಬ್ ಮಿನೆಸೋಟಾದಲ್ಲಿ ನಡೆಯಲ್ಲ

ಹಿತ್ತಲಲ್ಲಿ ಇಟ್ಟಿಗೆ ಅಡುಗೆಕಟ್ಟೆಗೆ ನಾಲ್ಕಿಂಚು ಕಾಂಕ್ರೀಟ್ ಸ್ಲ್ಯಾಬ್ ಸಾಕು, ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿದ್ರೆ ಆಯ್ತು ಅಂತ ಬರ್ದಿದೀರಲ್ಲ ಸರ್, ಬೆಂಗಳೂರಲ್ಲಾದ್ರೆ ಸರಿ, ನಾವಿರೋ ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಎರಡೂ ನಡೆಯಲ್ಲ. ಇಲ್ಲಿ ಮನೆ ಪಾಯಕ್ಕೆ ಕಟ್ಟಡ ನಿಯಮ ಕೇಳೋದೇ 42 ಇಂಚು ಆಳ, ರಾಜ್ಯದ ಉತ್ತರಕ್ಕೆ ಹೋದ್ರೆ 60, ಯಾಕಂದ್ರೆ ಚಳಿಗಾಲದಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ನೆಲಾನೇ ಮೇಲಕ್ಕೆತ್ತುತ್ತೆ, ಅದೂ ಒಂದೇ ಸಮ ಎತ್ತಲ್ಲ, ಒಂದು ಮೂಲೆ ಎತ್ತಿ ಇನ್ನೊಂದನ್ನ ಹಾಗೇ ಬಿಡುತ್ತೆ. ಮರದ ಡೆಕ್ ಆದ್ರೆ ಸ್ವಲ್ಪ ಬಗ್ಗಿ ತಡ್ಕೊಳುತ್ತೆ, ಇಟ್ಟಿಗೆ ಗೋಡೆ ಸೀದಾ ಬಿರುಕು ಬಿಡುತ್ತೆ.

ನಮ್ಮದೂ ಇದೇ ಕಥೆ. ಕಟ್ಟಿದವರು ಏನೂ ಆಗಲ್ಲ ಅಂದ್ರು, ಎರಡನೇ ವರ್ಷ ಏಪ್ರಿಲ್‌ನಲ್ಲಿ ಹಿಮ ಕರಗಿದ್ಮೇಲೆ ನೋಡಿದ್ರೆ ಕಟ್ಟೆ ಮೇಲಿನ ಗ್ರಾನೈಟ್ ಹಾಸು ವಾಲಿತ್ತು, ದೋಸೆ ಹಿಟ್ಟು ಹುಯ್ದ್ರೆ ಹಂಚಿನ ಒಂದೇ ಕಡೆಗೆ ಹರಿಯೋದು (ಹೆಂಡ್ತಿ ಈಗ್ಲೂ ನಗ್ತಾಳೆ).

ಪೇಂಟ್ ವಿಷಯ ಇನ್ನೂ ಕೆಟ್ಟದು. ಮೇಲಿಂದ ಇಟ್ಟಿಗೆಗಳ ನಡುವಿನ ಗಾರೆ ಸಂದೀಲಿ ಇಳಿದ ನೀರು ಹೊರಗೆ ಆರೋಕೆ ದಾರಿನೇ ಇರಲ್ಲ, ಐಸ್ ಆದಾಗ ಸುಮಾರು 9% ಹಿಗ್ಗಿ ಇಟ್ಟಿಗೆ ಮುಖಾನೇ ಹಪ್ಪಳದ ಥರ ಎದ್ದು ಬರುತ್ತೆ. ಪೇಂಟ್ ಬದ್ಲು ತೀವ್ರ ಹವಾಮಾನ ತಡೆಯೋ ಎಸ್‌ಡಬ್ಲ್ಯೂ ಗ್ರೇಡ್ ಇಟ್ಟಿಗೆ ಕೇಳಿ ತಗೊಳ್ಳಿ, ಗ್ರಾನೈಟ್‌ನ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಚಾಚಿಸಿ ಅಡಿಯಲ್ಲಿ ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕೋ ಹಾಗೆ ಸಣ್ಣ ತೋಡು ಕೊರೆಸಿ. ಸಿಂಕ್ ಇಟ್ರೆ ನೀರು ಬಂದ್ ಮಾಡೋ ವಾಲ್ವ್ ಮನೆಯೊಳಗೇ ಇರ್ಲಿ, ಅಕ್ಟೋಬರ್‌ನಲ್ಲೇ ಪೈಪ್ ಖಾಲಿ ಮಾಡಿ.