ಬಿಳಿ ರಸ್ತೆಯನ್ನು ಬಿಟ್ಟುಬಂದ ನಮ್ಮ ಸೈಕಲ್ ತಂಡ

ಸಿಯೆನಾ ತಲುಪಿ ಬಹಳ ಹೊತ್ತಾದರೂ ಸಿಟ್ಟು ಇಳಿದಿಲ್ಲ. ಇಟಲಿಯ ಟಸ್ಕನಿ ಪ್ರಾಂತ್ಯದ ಈ ಗುಂಪು ಸೈಕಲ್ ಪ್ರವಾಸಕ್ಕೆ ನಾನು ಹೆಸರು ಕೊಟ್ಟಿದ್ದೇ ಅಶಾನೊದಿಂದ ಮೋಂಟೆ ಸಾಂತೆ ಮಾರಿಯೆ ಕಡೆಗೆ ಹೋಗುವ ಜಲ್ಲಿಯ ಬಿಳಿ ರಸ್ತೆಗಾಗಿ ಎಂಬುದು ಗೆಳೆಯರಿಗೆಲ್ಲ ಗೊತ್ತೇ ಇದೆ. ಪ್ರವಾಸದ ಪಟ್ಟಿಯಲ್ಲೂ ಅದು ಸ್ಪಷ್ಟವಾಗಿ ಇತ್ತು. ಆದರೆ ಇಂದು ಬೆಳಿಗ್ಗೆ ಅಶಾನೊದಲ್ಲಿ ಕಾಫಿ ಮುಗಿಸಿ ಹೊರಡುವಾಗ ತಂಡದ ಮುಂದಾಳು, ಆ ದಾರಿಯಲ್ಲಿ ಧೂಳು ಹೆಚ್ಚು, ಟಾರು ರಸ್ತೆಯಲ್ಲೇ ಹೋದರೆ ಊಟದ ಹೊತ್ತಿಗೆ ಸಿಯೆನಾದ ಮುಖ್ಯ ಚೌಕ ಪಿಯಾಜ್ಜಾ ದೆಲ್ ಕಾಂಪೊದಲ್ಲಿ ಗುಂಪು ಫೋಟೊ ತೆಗೆಸಿಕೊಳ್ಳಬಹುದು ಎಂದುಬಿಟ್ಟರು. ಎಲ್ಲರೂ ತಲೆಯಾಡಿಸಿದರು.

ಲೌರೆತಾನಾ ಎಂಬ ಆ ಟಾರು ರಸ್ತೆ ಚೆನ್ನಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಕ್ರೇತೆ ಸೆನೇಸಿಯ ಬೂದು ಜೇಡಿಮಣ್ಣಿನ ಗುಡ್ಡಗಳು ಅಲ್ಲಿಂದಲೂ ಕಾಣುತ್ತವೆ. ಆದರೆ ಬಿಟ್ಟುಬಂದದ್ದು ಎಂಥ ರಸ್ತೆ! 2007ರಲ್ಲಿ ಆರಂಭವಾದ ಸ್ತ್ರಾದೆ ಬಿಯಾಂಕೆ (‘ಬಿಳಿ ರಸ್ತೆಗಳು’) ಎಂಬ ವೃತ್ತಿಪರ ಸೈಕಲ್ ಸ್ಪರ್ಧೆಯ ಅತ್ಯಂತ ಕಠಿಣ ಭಾಗಗಳಲ್ಲಿ 11.5 ಕಿ.ಮೀ. ಉದ್ದದ ಈ ದಾರಿಯೂ ಒಂದು. 2024ರಲ್ಲಿ ಸ್ಲೊವೇನಿಯಾದ ಸೈಕಲ್ ಪಟು ತದೇಯ್ ಪೊಗಾಚರ್ ಗುರಿಗೆ 81 ಕಿ.ಮೀ. ಉಳಿದಿರುವಾಗಲೇ ಇಲ್ಲಿಂದ ಒಬ್ಬರೇ ಮುನ್ನುಗ್ಗಿ ಗೆದ್ದರು. ಕವಲಿನಲ್ಲಿ ಒಂದು ಕ್ಷಣ ನಿಂತು ನೋಡಿದೆ. ಟಾರಿನ ಅಂಚು ಮುಗಿದಲ್ಲಿ ಬಿಳಿ ಜಲ್ಲಿ, ವಾಹನಗಳು ಓಡಾಡಿ ಗಟ್ಟಿಯಾದ ಎರಡು ಪಟ್ಟಿ, ನಡುವೆಯೂ ಬದಿಗಳಲ್ಲೂ ಸಡಿಲವಾದ ಕಲ್ಲು. ಚಕ್ರವನ್ನು ಎಲ್ಲಿ ಇಡಬೇಕೆಂಬುದು ಕೂಡ ಕಣ್ಣಿಗೆ ಕಾಣುತ್ತಿತ್ತು. ಹೇಳಲು ಸಂಕೋಚವಾಗುತ್ತದೆ, ಅಲ್ಲಿಂದ ಹ್ಯಾಂಡಲ್ ತಿರುಗಿಸುವಾಗ ಕಣ್ಣು ತುಂಬಿ ಬಂತು.

1997ರಲ್ಲಿ ಜಾಂಕಾರ್ಲೊ ಬ್ರೊಚ್ಚಿಯವರು ಸಿಯೆನಾ ಬಳಿಯ ಗಾಯೊಲೆ ಊರಿನಲ್ಲಿ ಲೆರೋಯಿಕಾ ಎಂಬ ಹಳೆಯ ಸೈಕಲ್ಲುಗಳ ಸವಾರಿಯನ್ನು ಆರಂಭಿಸಿದ್ದರ ಹಿಂದೆ ಇಂಥ ರಸ್ತೆಗಳು ಟಾರಿನಡಿ ಮರೆಯಾಗದಂತೆ ಉಳಿಸಿಕೊಳ್ಳುವ ಕಾಳಜಿಯಿತ್ತು. ಮೊದಲ ವರ್ಷ ಬಂದವರು 92 ಮಂದಿ. ಇಂದು ಸಾವಿರಾರು ಜನ ಬರುತ್ತಾರೆ. ಅಷ್ಟು ಕಷ್ಟಪಟ್ಟು ಅವರು ಟಾರಿನಿಂದ ಉಳಿಸಿಕೊಂಡ ರಸ್ತೆಗೆ ನಾವು ಟಾರಿನ ಆಸೆಗೆ ಬೆನ್ನು ತೋರಿಸಿದೆವು.

ಗುಂಪೆಂದ ಮೇಲೆ ಹೊಂದಿಕೊಳ್ಳಬೇಕು, ವಯಸ್ಸಾದವರಿದ್ದಾರೆ, ಪಂಕ್ಚರ್ ಆಗಬಹುದು, ಯಾರಾದರೂ ಬೀಳಬಹುದು ಎಂದು ಕೆಲವರು ನನಗೆ ತಿಳಿಹೇಳಿದರು. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಈ ವಾದವನ್ನು ಒಪ್ಪಲಾರೆ. ಲೆರೋಯಿಕಾಕ್ಕೆ ಬರುವವರು 1987ಕ್ಕಿಂತ ಹಿಂದಿನ ಉಕ್ಕಿನ ಸೈಕಲ್ಲುಗಳಲ್ಲಿ, ತೆಳು ಟೈರುಗಳ ಮೇಲೆ ಇದೇ ಜಲ್ಲಿಯನ್ನು ದಾಟುತ್ತಾರೆ, ಅವರಲ್ಲಿ ತಲೆ ನರೆತವರೂ ಇರುತ್ತಾರೆ. ನಮಗೆ ಕೊಟ್ಟಿರುವುದು ಅಗಲ ಟೈರು, ಡಿಸ್ಕ್ ಬ್ರೇಕ್ ಇರುವ ಸೈಕಲ್ಲು. ಹಿಂದೆಯೇ ವ್ಯಾನು, ಅದರಲ್ಲಿ ಮೆಕ್ಯಾನಿಕ್. ಬೇಡವೆಂದವರು ಲೌರೆತಾನಾದಲ್ಲಿ ಬರಲಿ, ಬೇಕೆಂದವರು ಬಿಳಿ ರಸ್ತೆಯಲ್ಲಿ ಹೋಗಲಿ ಎಂದು ತಂಡವನ್ನು ಎರಡಾಗಿಸಲು ಐದು ನಿಮಿಷವೂ ಬೇಕಾಗಿರಲಿಲ್ಲ. ಒಂದು ಫೋಟೊದ ಸಮಯಕ್ಕೆ ದಾರಿಯನ್ನೇ ಬದಲಿಸುವುದಾದರೆ ಸೈಕಲ್ ಏಕೆ, ಬಸ್ಸಿನಲ್ಲೇ ಬರಬಹುದಿತ್ತು.

ನಾಳೆ ಗಾಯೊಲೆಯ ಕಡೆಗೆ ಹೊರಡುತ್ತೇವೆ. ಬ್ರೋಲಿಯೊ ಕೋಟೆಗೆ ಸೈಪ್ರೆಸ್ ಮರಗಳ ನಡುವೆ ಏರುವ ಜಲ್ಲಿಯ ದಾರಿ ಅಲ್ಲಿದೆ. ತಂಡ ಯಾವ ಕಡೆ ತಿರುಗಿದರೂ ನಾನು ಅದನ್ನೇ ಹತ್ತುತ್ತೇನೆಂದು ಮುಂದಾಳುವಿಗೆ ಈಗಲೇ ತಿಳಿಸಿದ್ದೇನೆ. ಜೊತೆಗೆ ಬರುತ್ತೇವೆಂದು ಮೂವರು ಹೇಳಿದ್ದಾರೆ.